ಎಡಗಡೆಯ ಕೋಣೆಯಲ್ಲಿ ಏಳು ಭಾನುವಾರ

ಮೊಮ್ಮಗಳ ಶಾಲೆಯ ವ್ಯಾನು ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ನಮ್ಮ ಬೀದಿಯ ತುದಿಗೆ ಬರುತ್ತದೆ. ಅಲ್ಲಿಂದ ಮನೆಗೆ ಎರಡು ನಿಮಿಷದ ನಡಿಗೆ. ಆ ಎರಡು ನಿಮಿಷ ಅವಳ ಕೈ ಹಿಡಿದು ಕರೆತರುವುದು ನನ್ನ ಕೆಲಸವಾಗಿತ್ತು. ಮಗಳು, ಅಳಿಯ ಇಬ್ಬರೂ ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರು. ಅವಳು ಸ್ಟೋರಿನಲ್ಲಿ, ಅವನು ಲೇತ್ ಮಷೀನಿನ ಮುಂದೆ. ಸಂಜೆ ಆರೂವರೆಗೆ ಮುಂಚೆ ಯಾರೂ ನಾಗಸಂದ್ರದ ಮನೆಗೆ ಬರುವುದಿಲ್ಲ.

ಒಂದು ದಿನ ನಾನು ವ್ಯಾನಿನ ಹತ್ತಿರ ಹೋಗಲಿಲ್ಲ. ಮರೆತಿರಲಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಒಂದು ಪ್ಯಾಕೆಟ್ಟು ವಿಸ್ಕಿ, ಊಟಕ್ಕೆ ಮುಂಚೆ ಒಂದು, ಊಟದ ಬದಲು ಇನ್ನೊಂದು ಕುಡಿದು, ಒಳಗಿನಿಂದ ಚಿಲಕ ಹಾಕಿಕೊಂಡು ಹಾಲಿನಲ್ಲಿ ಚಾಪೆಯ ಮೇಲೆ ಬಿದ್ದಿದ್ದೆ. ಆ ಪ್ಯಾಕೆಟ್ಟು ನೋಡುವುದಕ್ಕೆ ಮಕ್ಕಳು ಕುಡಿಯುವ ಮಾವಿನ ರಸದ ಪ್ಯಾಕೆಟ್ಟಿನ ಹಾಗೇ ಇರುತ್ತದೆ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಸೆರಗಿನ ಕೆಳಗೆ ಗೊತ್ತಾಗುವುದಿಲ್ಲ.

ವ್ಯಾನಿನಿಂದ ಇಳಿದ ಮಗು ತಾನೇ ನಡೆದು ಬಂದಿದೆ. ಬಾಗಿಲು ಬಡಿದಿದೆ. ಆಮೇಲೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಹತ್ತಿ ಕಿಟಕಿಯಲ್ಲಿ ನೋಡಿದೆ. ಆರೂವರೆಗೆ ಮಗಳು ಬಂದಾಗಲೂ ಅಲ್ಲೇ ನಿಂತಿತ್ತಂತೆ, ಬೆನ್ನಿಗೆ ಚೀಲ ಹಾಗೇ ಇತ್ತಂತೆ. ಮಗಳು ಬಾಗಿಲು ಒದ್ದ ಸದ್ದಿಗೆ ನನಗೆ ಎಚ್ಚರವಾಯಿತು. ಎದ್ದು ಚಿಲಕ ತೆಗೆದೆ. ಏಳು ವರ್ಷದ ಆ ಮಗು ನನ್ನ ಕಡೆ ನೋಡದೆ ಅವಳಮ್ಮನಿಗೆ ಹೇಳಿತು:

"ಅಜ್ಜಿ ಸತ್ತೋಗಿದೆ ಅನ್ಕೊಂಡೆ ಅಮ್ಮ. ಆಮೇಲೆ ಹೊಟ್ಟೆ ಮೇಲೆ ಕೆಳಗೆ ಹೋಗ್ತಿತ್ತು. ನಿಂತೋಗತ್ತೇನೋ ಅಂತ ನೋಡ್ತಾನೇ ಇದ್ದೆ."

ಮಗಳು ಕೂಗಾಡಲಿಲ್ಲ. ಮಗುವಿಗೆ ಕೈಕಾಲು ತೊಳೆಸಿ, ಊಟ ಹಾಕಿ, ಪಾತ್ರೆ ತೊಳೆದು, ಆಮೇಲೆ ನನ್ನ ಎದುರು ನೆಲದ ಮೇಲೆ ಕೂತಳು.

"ನಾಳೆಯಿಂದ ಅವಳು ಟ್ಯೂಷನ್ ಆಂಟಿ ಮನೇಲಿರ್ತಾಳೆ. ನೀನು ಇಲ್ಲೇ ಇರು, ಊಟ ಮಾಡು, ಬೇಡ ಅನ್ನಲ್ಲ. ಕುಡಿಯೋದು ಬಿಟ್ಟೆ ಅಂತ ನಂಗೆ ನಂಬ್ಕೆ ಬಂದ ದಿನ ವ್ಯಾನ್ ಹತ್ರ ಹೋಗು. ಅಲ್ಲೀವರೆಗೂ ಅವಳ ಕೈ ಮುಟ್ಬೇಡ."

"ಬಿಟ್ಬಿಡ್ತೀನಿ ಬಿಡು. ಅದೇನ್ ದೊಡ್ಡ ವಿಷ್ಯ?" ಎಂದೆ.

"ಇದನ್ನ ಎಷ್ಟ್ ಸಲ ಹೇಳಿದೀಯ ಗೊತ್ತಾ?"

ಗೊತ್ತಿರಲಿಲ್ಲ.

ಈ ಕುಡಿತ ನನಗೆ ಅಂಟಿದ್ದು ಎಲ್ಲಿಂದ ಎಂದು ಹೇಳಿಬಿಡುತ್ತೇನೆ. ನನ್ನ ಗಂಡ ಕುಡುಕನಲ್ಲ. ಎಲೆ ಅಡಿಕೆ ಬಿಟ್ಟರೆ ಬೇರೆ ಚಟವಿಲ್ಲದೆ ಸತ್ತ. ನಾನು ಇಪ್ಪತ್ತೆರಡು ವರ್ಷ ಪೀಣ್ಯದ ಒಂದು ಶೆಡ್ಡಿನಲ್ಲಿ ನಿಂತುಕೊಂಡು, ಮಷೀನಿನಿಂದ ಬಂದ ಕಬ್ಬಿಣದ ಪೀಸುಗಳ ಅಂಚನ್ನು ಅರದಿಂದ ಉಜ್ಜಿದವಳು. ಮೈ ಕೈ ನೋವಿಗೆ ಆಗಲೂ ಕುಡಿಯಲಿಲ್ಲ. ಮಗಳ ಬಾಣಂತನದಲ್ಲಿ ಶುರುವಾಯಿತು. ನಮ್ಮ ಕಡೆ ಬಾಣಂತಿಗೆ ಥಂಡಿ ಹಿಡಿಯಬಾರದೆಂದು ದಿನಕ್ಕೆ ಎರಡು ಚಮಚ ಬ್ರಾಂದಿ ಕೊಡುತ್ತಾರೆ. ನನಗೂ ನಮ್ಮಮ್ಮ ಕೊಟ್ಟಿದ್ದಳು. ಅಳಿಯನಿಗೆ ಹೇಳಿ ತರಿಸಿದೆ. ಮಗಳು, ಎದೆ ಹಾಲು ಕುಡಿಸುವವರು ಅದನ್ನೆಲ್ಲ ಮುಟ್ಟಬಾರದು ಅಂತ ಡಾಕ್ಟರು ಹೇಳಿದ್ದಾರೆ ಎಂದು ಮೂತಿ ತಿರುಗಿಸಿದಳು. ಬಾಟಲಿ ಬೀರುವಿನಲ್ಲಿ ಉಳಿಯಿತು. ಮಗುವಿಗೆ ಎಣ್ಣೆ ನೀರು, ಬಾಣಂತಿಗೆ ಎಣ್ಣೆ ನೀರು, ಒಲೆ, ಬಟ್ಟೆ, ಎಲ್ಲ ನಾನೊಬ್ಬಳೇ. ಬೆನ್ನು ಸೀಳಿಹೋಗುತ್ತಿತ್ತು. ಎರಡು ಚಮಚ ಕುಡಿದೆ. ಬೆನ್ನು ಸುಮ್ಮನಾಯಿತು. ಎರಡನೇ ಬಾಟಲಿಯನ್ನು ಮಗಳ ಹೆಸರು ಹೇಳಿ ತರಿಸಿದೆ. ಮೂರನೆಯದನ್ನು ನಾನೇ ಹೋಗಿ ತಂದೆ.

ಮೊಮ್ಮಗಳಿಗೆ ಎಷ್ಟು ವಯಸ್ಸೋ ನನ್ನ ಕುಡಿತಕ್ಕೂ ಅಷ್ಟೇ ವಯಸ್ಸು. ನಡುವೆ ಒಂದು ದಿನವೂ ಬಿಟ್ಟಿರಲಿಲ್ಲ.

ಆ ಕಿಟಕಿಯ ದಿನದ ನಂತರ ಮನೆಯಲ್ಲಿ ಒಂದು ಹೊಸ ಪದ್ಧತಿ ಬಂತು. ಅಳಿಯ ಒಮ್ಮೆ ತುಮಕೂರು ರಸ್ತೆಯಲ್ಲಿ ಬೈಕಿನಲ್ಲಿ ಬರುವಾಗ ಪೊಲೀಸರು ಅವನ ಬಾಯಿಗೆ ಮಷೀನು ಹಿಡಿದು ಊದಿಸಿದ್ದರಂತೆ. ಅವನು ತಮಾಷೆಗೆ, "ಅತ್ತೆ, ಒಂದ್ಸಲ ಊದಿ ನೋಡಣ" ಎಂದ. ಮಗಳು ನಗಲಿಲ್ಲ. ಮರುದಿನದಿಂದ ಸಂಜೆ ಬಂದ ತಕ್ಷಣ ಅವಳೇ "ಊದು" ಅನ್ನತೊಡಗಿದಳು. ಮಗು ಪಕ್ಕದಲ್ಲಿ ನಿಂತು ನೋಡುತ್ತಿತ್ತು. ನಾನು ಲವಂಗ ಅಗಿದೆ, ಎಲೆ ಅಡಿಕೆ ಹಾಕಿದೆ, ಹಸಿ ಈರುಳ್ಳಿ ತಿಂದೆ. ಮಗಳು ಮೂಗು ಹತ್ತಿರ ತಂದು, "ಈರುಳ್ಳಿ, ಎಣ್ಣೆ ಎರಡೂ ಬರ್ತಿದೆ" ಎಂದು ಒಳಗೆ ಹೋಗುತ್ತಿದ್ದಳು.

ಬಿಡಬೇಕೆಂದು ನನಗೂ ಇತ್ತು. ಬೆಳಿಗ್ಗೆ ಎದ್ದಾಗ ಇರುತ್ತಿತ್ತು. ಹತ್ತೂವರೆಯ ಹೊತ್ತಿಗೆ ಕೈ ನಡುಗಲು ಶುರುವಾಗಿ ಲೋಟ ಹಿಡಿಯುವುದಕ್ಕೂ ಆಗುತ್ತಿರಲಿಲ್ಲ. ಕುಡಿದರೆ ಕೈ ನಿಲ್ಲುತ್ತಿತ್ತು. ಕೈ ನಿಂತ ಮೇಲೆ ನಾಳೆ ಬಿಡೋಣ ಅನಿಸುತ್ತಿತ್ತು. ಮೂರೂ ಇಪ್ಪತ್ತಕ್ಕೆ ವ್ಯಾನಿನ ಹಾರ್ನು ಕೇಳಿದಾಗ ಎದ್ದು ಗೇಟಿನವರೆಗೆ ಹೋಗಿ, ಅವಳು ಟ್ಯೂಷನ್ ಆಂಟಿಯ ಕೈ ಹಿಡಿದು ಆ ಕಡೆ ಹೋಗುವುದನ್ನು ನೋಡಿ ಒಳಗೆ ಬರುತ್ತಿದ್ದೆ. ಬಂದು ಮತ್ತೆ ಕುಡಿಯುತ್ತಿದ್ದೆ.

ಬೀದಿಯ ಕಂಬಕ್ಕೆ ಒಂದು ಕಾಗದ ಅಂಟಿಸಿದ್ದರು, ಕುಡಿತ ಬಿಡಿಸಲಾಗುವುದು ಎಂದು. ನಾನು ನಾಲ್ಕನೇ ಕ್ಲಾಸು ಓದಿದವಳು, ಕನ್ನಡ ಕೂಡಿಸಿ ಓದುತ್ತೇನೆ. ವಿಳಾಸ ಹಿಡಿದು ಹೋದರೆ ಮೊಬೈಲ್ ಅಂಗಡಿಯ ಮೇಲೆ ಒಂದು ರೂಮು, ಅಲ್ಲಿ ಹಣೆಗೆ ಕುಂಕುಮ ಇಟ್ಟುಕೊಂಡ ಒಬ್ಬ ಕೂತಿದ್ದ.

"ಯಾರ್ಗಮ್ಮ? ಮಗನಿಗಾ, ಯಜಮಾನ್ರಿಗಾ?"

"ಮನೇಲಿ ಒಬ್ರಿಗೆ" ಎಂದೆ.

ಅವನು ಬಿಳಿ ಪುಡಿಯ ಪೊಟ್ಟಣ ಕೊಟ್ಟ. "ಸಾರಲ್ಲೋ ಮಜ್ಜಿಗೇಲೋ ಕಲ್ಸಿ ಕೊಡಿ. ಅವ್ರಿಗೆ ಗೊತ್ತಾಗ್ಬಾರ್ದು ನೋಡಿ, ಅದೇ ಮುಖ್ಯ. ಗೊತ್ತಾದ್ರೆ ಕೆಲ್ಸ ಮಾಡಲ್ಲ."

ಮನೆಗೆ ಬಂದು ಯೋಚಿಸಿದೆ. ನನಗೇ ಗೊತ್ತಾಗದ ಹಾಗೆ ನನ್ನ ಸಾರಿಗೆ ನಾನು ಬೆರೆಸುವುದು ಹೇಗೆ? ಎರಡು ಬಟ್ಟಲು ಸಾರು ಬಗ್ಗಿಸಿ, ಒಂದಕ್ಕೆ ಪುಡಿ ಹಾಕಿ, ಕಣ್ಣು ಮುಚ್ಚಿ ಬಟ್ಟಲುಗಳನ್ನು ಆ ಕಡೆ ಈ ಕಡೆ ಸರಿಸಿ, ಎರಡನ್ನೂ ಉಂಡೆ. ಇಷ್ಟು ವಯಸ್ಸಾದ ಮುದುಕಿ ಹೀಗೆ ಮಾಡಿದೆ ಅಂತ ಹೇಳುವುದಕ್ಕೆ ನಾಚಿಕೆ ಏನಿಲ್ಲ, ಮಾಡಿದ್ದು ನಿಜ. ಮೂರು ದಿನ ಭೇದಿ ಆಯಿತು. ನಾಲ್ಕನೇ ದಿನ ಹೊಟ್ಟೆನೋವಿಗೆ ಎಂದು ಒಂದು ಪ್ಯಾಕೆಟ್ಟು ಹೆಚ್ಚಿಗೇ ಕುಡಿದೆ.

ಭೇದಿಗೆ ಮಾತ್ರೆ ತರಲು ಸರ್ಕಾರಿ ಕ್ಲಿನಿಕ್ಕಿಗೆ ಹೋದಾಗ ಅಲ್ಲಿನ ನರ್ಸು ನನ್ನ ಕೈ ನಡುಗುವುದನ್ನು ನೋಡಿದಳು. ಬಾಯಿಯ ವಾಸನೆಯೂ ಬಂದಿರಬೇಕು. ಏನೂ ಕೇಳದೆ ಚೀಟಿಯ ಹಿಂದೆ ಬರೆದುಕೊಟ್ಟಳು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಜಾಲಹಳ್ಳಿ ಕಡೆ ಒಂದು ಚರ್ಚಿನ ಹಿಂದಿನ ಶಾಲೆಯಲ್ಲಿ ಮೀಟಿಂಗ್ ಇದೆ, ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಸೇರುತ್ತಾರೆ, ಕಾಸು ಕೇಳುವುದಿಲ್ಲ ಎಂದಳು. "ಹೋಗಿ ಅಜ್ಜಿ. ಸುಮ್ನೆ ಕೂತ್ಕೊಳಿ ಸಾಕು."

ಮೆಟ್ರೋದಲ್ಲಿ ಎರಡೇ ಸ್ಟೇಷನ್. ಆದರೆ ಮೆಟ್ರೋದ ಲೇಡಿ ಗಾರ್ಡು ಮೈ ಮುಟ್ಟಿ ನೋಡುತ್ತಾಳೆ, ಸೊಂಟದಲ್ಲಿ ಪ್ಯಾಕೆಟ್ಟು ಸಿಕ್ಕರೆ ಮಾನ ಹೋಗುತ್ತದೆ. ಬಸ್ಸಿನಲ್ಲಿ ಹೋದೆ. ಹೆಂಗಸರಿಗೆ ಬಸ್ಸು ಫ್ರೀ. ಕುಡಿತ ಬಿಡುವ ಮೀಟಿಂಗಿಗೆ ಪ್ಯಾಕೆಟ್ಟು ಸಿಕ್ಕಿಸಿಕೊಂಡು ಯಾಕೆ ಹೋದೆ ಎಂದು ಕೇಳಿದರೆ, ಅದಿಲ್ಲದೆ ಬಸ್ಸು ಹತ್ತುವ ಧೈರ್ಯ ನನಗಿರಲಿಲ್ಲ. ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ ಅರ್ಧ ಕುಡಿದೆ. ಚರ್ಚಿನ ಜಾಗ, ಒಳಗೆ ಸೇರಿಸಿಕೊಂಡು ಜಾತಿ ಕೆಡಿಸುತ್ತಾರೋ ಏನೋ ಎಂಬ ಅಳುಕೂ ಇತ್ತು.

ವರಾಂಡದಲ್ಲಿ ಇಸ್ತ್ರಿ ಶರ್ಟಿನ ಒಬ್ಬ ದಪ್ಪ ಗಂಡಸು ನಿಂತಿದ್ದ. ಎದುರೆದುರು ಎರಡು ಕ್ಲಾಸ್ ರೂಮು. ಬಲಗಡೆಯದರ ತುಂಬ ಗಂಡಸರು. ನನ್ನನ್ನು ನೋಡಿದವನೇ ಆತ ಕೈ ಮುಗಿದ.

"ಬನ್ನಿ ಅಮ್ಮ. ಫ್ಯಾಮಿಲಿ ಅಲ್ವಾ? ಎಡಗಡೆ ರೂಮು."

ಫ್ಯಾಮಿಲಿ ಅಂದರೆ ಏನು ಎಂದು ನನಗೆ ಅರ್ಥವಾಗಲಿಲ್ಲ. ಹೂಂ ಅಂದೆ. ಎಡಗಡೆ ಹೋದರೆ ಬರೀ ಹೆಂಗಸರು, ಒಂಬತ್ತು ಹತ್ತು ಜನ. ಸದ್ಯ, ಹೆಂಗಸರಿಗೆ ಬೇರೆ ಇಟ್ಟಿದ್ದಾರೆ ಎಂದು ನೆಮ್ಮದಿಯಾಗಿ ಕೂತೆ. ಇಷ್ಟೊಂದು ಹೆಂಗಸರು ಕುಡಿಯುತ್ತಾರಲ್ಲ ಅಂತ ಆಶ್ಚರ್ಯವೂ ಆಯಿತು. ಎಲ್ಲರೂ ತಲೆ ಬಾಚಿಕೊಂಡು, ಹೂ ಮುಡಿದುಕೊಂಡು ಲಕ್ಷಣವಾಗಿದ್ದರು.

ಒಬ್ಬೊಬ್ಬರೇ ಮಾತಾಡತೊಡಗಿದಾಗ ತಿಳಿಯಿತು. ಇವರು ಕುಡುಕರ ಹೆಂಡಿರು, ಕುಡುಕರ ತಾಯಂದಿರು. ಕುಡಿಯುವವರು ಬಲಗಡೆಯ ಕೋಣೆಯಲ್ಲಿದ್ದರು, ಇಲ್ಲವೇ ಮನೆಯಲ್ಲಿ ಬಿದ್ದಿದ್ದರು. ಆಗಲೇ ಎದ್ದು ಹೋಗಬೇಕಿತ್ತು. ಆದರೆ ಕೋಣೆ ನಡೆಸುವ ರಿಟೈರ್ಡ್ ಟೀಚರಮ್ಮ ನನ್ನ ಕಡೆ ತಿರುಗಿ, "ಹೊಸಬರು ಬಂದಿದ್ದೀರ. ಮಗನಾ ಅಮ್ಮ?" ಎಂದು ಮೆತ್ತಗೆ ಕೇಳಿದಳು.

"ಮನೇಲಿ ಒಬ್ರು ಕುಡೀತಾರೆ" ಎಂದೆ. ಪುಡಿ ಮಾರುವವನಿಗೆ ಹೇಳಿದ್ದನ್ನೇ ಹೇಳಿದೆ. ಸುಳ್ಳಲ್ಲವಲ್ಲ.

"ಹೊಡೀತಾರಾ?"

"ಇಲ್ಲ. ಬಿದ್ಕೊಂಡಿರ್ತಾರೆ."

ಎಲ್ಲರೂ ತಲೆಯಾಡಿಸಿದರು. ಪಕ್ಕದಲ್ಲಿ ಕೂತಿದ್ದ ಒಬ್ಬಳು ನನ್ನ ಮೊಣಕೈ ಸವರಿದಳು. ಉತ್ತರ ಕರ್ನಾಟಕದವಳು, ಮೂವತ್ತು ವಯಸ್ಸಿರಬಹುದು. ಗಂಡ ಹೆಂಡತಿ ಇಬ್ಬರೂ ಬಿಲ್ಡಿಂಗ್ ಕೆಲಸಕ್ಕೆ ಬಂದು ಬಾಡಿಗೆ ರೂಮಿನಲ್ಲಿದ್ದರು. "ಚಿಂತಿ ಮಾಡಬ್ಯಾಡ ಯವ್ವಾ. ನಾವೆಲ್ಲಾ ಅದೀವಿ" ಎಂದಳು. ನನ್ನನ್ನು ಅಷ್ಟು ಅಕ್ಕರೆಯಿಂದ ಯಾರಾದರೂ ಮುಟ್ಟಿ ಬಹಳ ದಿನವಾಗಿತ್ತು. ಅಲ್ಲೇ ಉಳಿದೆ.

ಹೀಗೆ ಆರು ಭಾನುವಾರ ಹೋದೆ. ಬಲಗಡೆಯ ಕೋಣೆಗೆ ಹೋಗಬೇಕೆಂದು ಪ್ರತಿ ವಾರ ಬಸ್ಸಿನಲ್ಲಿ ನಿರ್ಧಾರ ಮಾಡುತ್ತಿದ್ದೆ. ವರಾಂಡಕ್ಕೆ ಬಂದರೆ ಆ ದಪ್ಪ ಮನುಷ್ಯ "ನಮಸ್ಕಾರ ಅಮ್ಮ" ಅಂದುಬಿಡುತ್ತಿದ್ದ, ಕಾಲು ತಾನಾಗಿ ಎಡಕ್ಕೆ ತಿರುಗುತ್ತಿತ್ತು. ಆ ಕಡೆ ಅಷ್ಟು ಗಂಡಸರ ಮುಂದೆ, ಮೊಮ್ಮಗಳಿರುವ ಹೆಂಗಸು, ನಾನು ಕುಡುಕಿ ಎಂದು ಹೇಗೆ ಹೇಳುವುದು? ಗಂಡಸು ಕುಡಿದರೆ ಅವನಿಗೆ ಕಾಯಿಲೆ ಅನ್ನುತ್ತಾರೆ. ಹೆಂಗಸು ಕುಡಿದರೆ ಏನನ್ನುತ್ತಾರೆ ಎಂದು ನನಗೆ ಗೊತ್ತಿತ್ತು.

ಎಡಗಡೆಯಲ್ಲಿ ನಾನು ಚೆನ್ನಾಗಿಯೇ ಕೇಳಿಸಿಕೊಳ್ಳುತ್ತಿದ್ದೆ. ಕುಡಿಯುವವರನ್ನು ನಾವು ತಿದ್ದುವುದಕ್ಕೆ ಆಗುವುದಿಲ್ಲ, ಅವರ ಹಿಂದೆ ಬಿದ್ದು ನಮ್ಮ ಬಾಳು ಹಾಳು ಮಾಡಿಕೊಳ್ಳಬಾರದು, ಬಾಟಲಿ ಹುಡುಕುತ್ತಾ ಕೂರಬಾರದು ಎಂದೆಲ್ಲ ಟೀಚರಮ್ಮ ಹೇಳುತ್ತಿದ್ದಳು. ಕುಡಿತ ಬಿಡುವವರ ಮೀಟಿಂಗಿಗೆ ಹೋಗುತ್ತೇನೆ ಎಂದಷ್ಟೇ ಮಗಳಿಗೆ ಹೇಳಿದ್ದೆ. ಮನೆಗೆ ಹೋದಾಗ ಅವಳು, "ಏನ್ ಹೇಳ್ಕೊಟ್ರು ಇವತ್ತು?" ಎಂದು ಕೇಳುತ್ತಿದ್ದಳು. ಅವಳ ಮುಖದಲ್ಲಿ ಆಸೆ ಇರುತ್ತಿತ್ತು. ನಾನು ಕೇಳಿದ್ದನ್ನೇ ಒಪ್ಪಿಸಿದೆ.

"ಬಾಟ್ಲಿ ಹುಡುಕ್ಬಾರ್ದಂತೆ. ಬಾಯಿ ಮೂಸ್ಬಾರ್ದಂತೆ. ಅವ್ರ ಪಾಡಿಗೆ ಅವ್ರನ್ನ ಬಿಡ್ಬೇಕಂತೆ."

ಮಗಳು ಸೊಂಟಕ್ಕೆ ಕೈ ಇಟ್ಟುಕೊಂಡಳು. "ಇದನ್ನ ಅವ್ರು ನಿಂಗೆ ಹೇಳಿದ್ರಾ, ನಂಗೆ ಹೇಳಿದ್ರಾ?"

"ಎಲ್ಲಾರ್ಗೂ."

"ಊದು."

ಊದಿದೆ. ಅವಳ ಮುಖ ನೋಡಲಿಲ್ಲ. ಆ ವಾರ ಅವಳು ರಾಗಿ ಹಿಟ್ಟಿನ ಡಬ್ಬಿಯಲ್ಲಿ ಕೈ ಆಡಿಸಿ ಎರಡು ಪ್ಯಾಕೆಟ್ಟು ತೆಗೆದು ಸಿಂಕಿಗೆ ಸುರಿದಳು. ಮಗು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮ, ಅಜ್ಜಿ ಜ್ಯೂಸ್ ಯಾಕ್ ಚೆಲ್ತಿದೀಯ?" ಎಂದು ಕೇಳಿತು. ಮಗಳು ನಲ್ಲಿ ಬಿಟ್ಟಳು.

ಆ ಉತ್ತರ ಕರ್ನಾಟಕದ ಹುಡುಗಿ ನನಗೆ ತೀರ ಹತ್ತಿರವಾದಳು. ಪ್ರತಿ ಭಾನುವಾರ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದಳು. "ಮನ್ಯಾಗ ಕುಡುಕರಿದ್ರ ನಮ್ಗ ಉಣ್ಣಾಕ ಮನಸ್ಸಾಗಲ್ಲ. ತಿನ್ನು ಯವ್ವಾ, ಬಡಕಲಾಗೀದಿ" ಎಂದು ನನ್ನ ಕೈಗಿಡುತ್ತಿದ್ದಳು. ಗಂಡನ ಕಥೆಯೆಲ್ಲ ಹೇಳಿಕೊಂಡು ನನ್ನ ಭುಜದ ಮೇಲೆ ಅಳುತ್ತಿದ್ದಳು. ಅವಳ ಮೂಗು ನನ್ನ ಬಾಯಿಗೆ ಅಷ್ಟು ಹತ್ತಿರವಿದ್ದರೂ ಅನುಮಾನ ಬರಲಿಲ್ಲ. ಗಂಡನ ವಾಸನೆ ತನ್ನ ಸೀರೆಗೇ ಹಿಡಿದಿದೆ ಎಂದುಕೊಳ್ಳುತ್ತಿದ್ದಳಂತೆ, ಆಮೇಲೆ ಹೇಳಿದಳು.

ಏಳನೇ ಭಾನುವಾರ ಅವಳು ಅಳಲಿಲ್ಲ. ಕೈ ಕಟ್ಟಿಕೊಂಡು ಕೂತು ಹೇಳಿದಳು:

"ನಮ್ಮ ಸಣ್ಣ ಹುಡುಗಿ ಏನ್ ಮಾಡ್ತದ ಗೊತ್ತೇನ್ರಿ? ಅವ್ರಪ್ಪ ಕುಡ್ದು ಬಿದ್ದಾಗ ಹೋಗಿ ಮೂಗಿನ ಕೆಳಗ ಬೆರಳ ಇಡ್ತದ. ಉಸಿರ ಬರ್ತದಿಲ್ಲೋ ನೋಡಾಕ. ನಾಕ ವರ್ಷದ್ದೈತ್ರಿ ಅದು. ಬರ್ತದ ಅಂತ ಖಾತ್ರಿ ಆದ ಮ್ಯಾಲ ಆಟ ಆಡಾಕ ಹೊಕ್ಕದ. ಅದ್ಕ ಯಾರು ಕಲಿಸ್ಯಾರ್ರೀ ಅದನ್ನ?"

ನನಗೆ ನಮ್ಮ ಮನೆಯ ಕಿಟಕಿ ಕಂಡಿತು. ಒಳಗೆ ನಾನು ಬಿದ್ದಿದ್ದೆ, ಹೊರಗಿನಿಂದ ಆ ಮಗು ಕಂಡದ್ದನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಕೆಟ್ಟ ಕೆಲಸ ಮಾಡಿದೆ ಎಂದುಕೊಂಡಿದ್ದೆ, ಆದರೆ ನಿಂತು ನನ್ನ ಹೊಟ್ಟೆ ನೋಡಿದ ಆ ಮಗುವಿಗೆ ಆ ಮೂರು ಗಂಟೆ ಹೇಗಿತ್ತು ಎಂದು ನೋಡಿರಲಿಲ್ಲ. ಬಾಯಿಂದ ಮಾತು ಬಂದುಬಿಟ್ಟಿತು.

"ನಮ್ಮನೇಲಿ ಕುಡಿಯೋದು ನಾನೇ."

ಟೀಚರಮ್ಮ, "ಏನಂದ್ರಿ?" ಎಂದಳು.

"ಮಗನೂ ಇಲ್ಲ, ಗಂಡನೂ ಇಲ್ಲ. ಕುಡಿಯೋಳು ನಾನೇ. ಬಾಗ್ಲಲ್ಲಿ ಆಯಪ್ಪ ಈ ಕಡೆ ಕಳಿಸ್ದ, ಬಂದು ಕೂತೆ."

ಮೊದಲು ಎದ್ದವಳು ಅವಳೇ. ರೊಟ್ಟಿಯ ಗಂಟು ಇನ್ನೂ ಅವಳ ಕೈಯಲ್ಲಿತ್ತು.

"ಏಳು ವಾರ ನನ್ನ ಕಣ್ಣೀರು ನೋಡ್ಕೋಂತ ಕುಂತೀಯಲ್ಲ! ಬಾಯಾಗ ಮಣ್ಣ ಹಾಕ್ಕೊಂಡಿದ್ದೇನ ಇಷ್ಟ ದಿನ? ನನ್ನ ರೊಟ್ಟಿ ತಿಂದಿ. ಇವತ್ತೂ ಕುಡದ ಬಂದೀಯೇನ?"

"ಅರ್ಧ ಪ್ಯಾಕೆಟ್ಟು."

"ಅರ್ಧ ಅಂತ, ಅರ್ಧ! ನಮ್ಮನಿಯವನೂ ಹಿಂಗ ಹೇಳ್ತಾನ, ಅರ್ಧ ಅಂತ."

ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಕಲ್ಲು ಹೊರುವ ಕೈ, ನೋವಾಯಿತು. ಟೀಚರಮ್ಮ "ಬಿಡಮ್ಮ, ವಯಸ್ಸಾದವರು" ಎನ್ನುತ್ತಿದ್ದರೂ ಕೇಳದೆ ವರಾಂಡ ದಾಟಿಸಿ, ಬಲಗಡೆಯ ಕೋಣೆಯ ಬಾಗಿಲು ದೂಡಿ, ಅಷ್ಟೂ ಗಂಡಸರ ಮುಂದೆ ನಿಲ್ಲಿಸಿದಳು.

"ಇಕಿ ನಿಮ್ಮಾಕಿ. ನಮ್ಮಾಕಿ ಅಲ್ಲ" ಎಂದು ಹೇಳಿ ಹೋದಳು.

ಇಪ್ಪತ್ತು ಇಪ್ಪತ್ತೈದು ಗಂಡಸರು ತಿರುಗಿ ನೋಡಿದರು. ವರಾಂಡದ ಆ ದಪ್ಪ ಮನುಷ್ಯ ಎದ್ದು ತನ್ನ ಕುರ್ಚಿ ಕೊಟ್ಟು ತಾನು ಬೆಂಚಿನ ಮೇಲೆ ಕೂತ. ಅವನು ಒಂದು ಕಾರ್ಖಾನೆಯ ಫೋರ್‌ಮನ್ನು, ಬಿಟ್ಟು ಎಂಟು ವರ್ಷ ಎಂದು ಆಮೇಲೆ ಗೊತ್ತಾಯಿತು.

"ತಪ್ಪು ನಂದೇ ಅಜ್ಜಿ. ಹೆಂಗಸರು ಬಂದ್ರೆ ಆ ಕಡೆ ಅಂತ ತೋರ್ಸೋದೇ ಅಭ್ಯಾಸ ಆಗ್ಬಿಟ್ಟಿದೆ. ಒಂದ್ ಮಾತು ಕೇಳ್ಬೇಕಿತ್ತು. ಏನಾದ್ರೂ ಹೇಳ್ಬೇಕು ಅನ್ಸಿದ್ರೆ ಹೇಳಿ. ಬೇಡಾಂದ್ರೆ ಟೀ ಕುಡೀರಿ."

ಏನು ಹೇಳಬೇಕೋ ತಿಳಿಯದೆ ಆ ಬಿಳಿ ಪುಡಿಯ ಕಥೆ ಹೇಳಿದೆ. ಕಣ್ಣು ಮುಚ್ಚಿ ಬಟ್ಟಲು ಸರಿಸಿದೆ ಅಂದಾಗ ಒಬ್ಬ ಕಿಸಕ್ಕನೆ ನಕ್ಕ. ಆಮೇಲೆ ಇಡೀ ಕೋಣೆ ನಕ್ಕಿತು. ಒಬ್ಬ ಮುದುಕ ಕಣ್ಣೊರೆಸಿಕೊಂಡು, "ನನ್ ಹೆಂಡ್ತಿ ಅದನ್ನ ಆರ್ ತಿಂಗ್ಳು ನಂಗೆ ತಿನ್ಸಿದ್ಲು ಅಜ್ಜಿ. ಇಡ್ಲೀಗೆ ಹಾಕೋಳು" ಎಂದ. ಅವರು ನನ್ನನ್ನು ಆಡಿಕೊಂಡು ನಗಲಿಲ್ಲ. ಅಳು ಬಂತು. ಕಿಟಕಿಯ ವಿಷಯವನ್ನೂ ಹೇಳಿದೆ. ಆಗ ಯಾರೂ ನಗಲಿಲ್ಲ.

ಮೀಟಿಂಗ್ ಮುಗಿದ ಮೇಲೆ ಫೋರ್‌ಮನ್ನು ನನ್ನ ಕೈ ನೋಡಿದ. "ಒಂದೇ ಸಲ ಬಿಡ್ಬೇಡಿ ಅಜ್ಜಿ, ಫಿಟ್ಸ್ ಬರತ್ತೆ. ಆಸ್ಪತ್ರೆಗೆ ಸೇರ್ಬೇಕು. ನಾಳೆ ನಾನೇ ಕರ್ಕೊಂಡ್ ಹೋಗ್ತೀನಿ, ನಿಮ್ ಮಗಳಿಗೂ ಬರೋಕ್ಕೆ ಹೇಳಿ."

"ನಿಮ್ ಹೆಂಡ್ತಿ ಏನೂ ಅನ್ನಲ್ವಾ?"

"ಬಿಟ್ಟೋಗಿ ಒಂಬತ್ ವರ್ಷ ಆಯ್ತಜ್ಜಿ. ಏನಂತಾಳೆ?"

ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದೆ. ಮೊದಲ ಮೂರು ದಿನ ಗೋಡೆಯ ಮೇಲೆ ಇರುವೆ ಸಾಲು ಹತ್ತಿ ಇಳಿಯುವುದು ಕಂಡಿತು. ಅಲ್ಲಿ ಇರುವೆ ಇಲ್ಲ ಎಂದು ನರ್ಸು ಹೇಳಿದಳು. ನಾನು ಅವಳನ್ನೇ ಬೈದೆ. ಮಗಳು ಕೆಲಸಕ್ಕೆ ರಜೆ ಹಾಕಿ ಮಂಚದ ಪಕ್ಕದಲ್ಲಿ ಕೂತಿರುತ್ತಿದ್ದಳು. ಹೆಚ್ಚು ಮಾತಾಡುತ್ತಿರಲಿಲ್ಲ. ಏಳು ವಾರ ನಾನು ಯಾವ ಕೋಣೆಯಲ್ಲಿ ಕೂತಿದ್ದೆ ಎನ್ನುವುದನ್ನು ಫೋರ್‌ಮನ್ನು ಅವಳಿಗೆ ಹೇಳಿದ್ದ. ಒಮ್ಮೆ ಮಾತ್ರ, "ಅದಕ್ಕೇ ನಂಗೆ ಬುದ್ಧಿ ಹೇಳ್ತಿದ್ಯಲ್ಲ" ಎಂದಳು. ನಗಲು ಹೋಗಿ ಬಾಯಿಗೆ ಸೆರಗು ಒತ್ತಿಕೊಂಡಳು.

ಮನೆಗೆ ಬಂದ ಮೇಲೆ ಪ್ರತಿ ಭಾನುವಾರ ಬಲಗಡೆಯ ಕೋಣೆಗೆ ಹೋದೆ. ಅಲ್ಲಿ ಒಂದು ಪುಸ್ತಕ ಕೈಯಿಂದ ಕೈಗೆ ಬರುತ್ತದೆ, ಒಬ್ಬೊಬ್ಬರು ಒಂದೊಂದು ಪ್ಯಾರಾ ಓದುತ್ತಾರೆ. ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಟೀ ಆರಿಹೋಗುತ್ತಿತ್ತು. ಇಪ್ಪತ್ತು ಗಂಡಸರು ಕಾಯುತ್ತಿದ್ದರು. ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಯಾರೂ ನನಗಾಗಿ ಒಂದು ನಿಮಿಷ ಕಾದವರಲ್ಲ.

ಇದರಿಂದ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಆಸ್ಪತ್ರೆಯಿಂದ ಬಂದ ಹತ್ತೊಂಬತ್ತನೇ ದಿನ ಮತ್ತೆ ಕುಡಿದೆ. ಕಾರಣ ಏನೂ ಇರಲಿಲ್ಲ. ಯಾರೂ ಬೈದಿರಲಿಲ್ಲ, ಬೆನ್ನೂ ನೋಯುತ್ತಿರಲಿಲ್ಲ. ಕರೆಂಟು ಹೋಗಿತ್ತು, ಫ್ಯಾನು ನಿಂತಿತ್ತು, ಮನೆ ಸದ್ದಿಲ್ಲದಂತಾಯಿತು. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದೆ, ತಂದೆ, ನಿಂತಲ್ಲೇ ಕುಡಿದೆ. ಸಂಜೆ ಮಗಳು "ಊದು" ಎನ್ನುವ ಮೊದಲೇ ಹೇಳಿದೆ. ಅವಳು ಬ್ಯಾಗನ್ನು ಕೂಡ ಕೆಳಗಿಡದೆ ಬಾಗಿಲಲ್ಲೇ ಕುಸಿದು ಕೂತಳು. ಆ ಹೊತ್ತಿಗೆ ನಾನು ಸತ್ತಿದ್ದರೆ ಅವಳಿಗೆ ಹಗುರಾಗುತ್ತಿತ್ತು ಎಂದು ನನಗೆ ನಿಜವಾಗಿ ಅನಿಸಿತು.

ಮುಂದಿನ ಭಾನುವಾರ ಅವಳೂ ನನ್ನ ಜೊತೆ ಬಂದಳು. ನಾನು ಬಲಕ್ಕೆ, ಅವಳು ಎಡಕ್ಕೆ. ಒಂದೂವರೆ ಗಂಟೆ ಕಳೆದು ಹೊರಗೆ ಬಂದಾಗ ಅವಳ ಕಣ್ಣು ಊದಿಕೊಂಡಿತ್ತು. ಅವಳ ಪಕ್ಕದಲ್ಲಿ ಆ ಉತ್ತರ ಕರ್ನಾಟಕದ ಹುಡುಗಿ ನಿಂತಿದ್ದಳು. ಆ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದವಳು ಈಗ ಹತ್ತಿರ ಬಂದಳು.

"ನಿನ್ನ ಮಗಳು ಭಾಳ ಅತ್ತಳು. ನಿನ್ನ ಕುರ್ಚಿ ಮ್ಯಾಲ ಕುಂತಿದ್ದಳು. ಇನ್ನೊಮ್ಮೆ ಕುಡದಿ ಅಂದ್ರ ನಾಗಸಂದ್ರಕ್ಕ ಬಂದು ಹೊಡೀತೀನಿ ನೋಡ ಮತ್ತ." ರೊಟ್ಟಿಯ ಗಂಟನ್ನು ಮಗಳ ಕೈಗೆ ಕೊಟ್ಟಳು, ನನಗಲ್ಲ.

ಆಮೇಲೆ ಮತ್ತೆ ಒಂದರಿಂದ ದಿನ ಲೆಕ್ಕ ಶುರುಮಾಡಿದೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ನನಗೆ ಮನೆಯೊಳಗೆ ಕೂರಲು ಆಗುವುದಿಲ್ಲ. ಮೆಟ್ರೋ ಸ್ಟೇಷನ್ನಿನ ಕೆಳಗೆ ಹೂ ಕಟ್ಟುವ ಹೆಂಗಸರ ಪಕ್ಕದಲ್ಲಿ ಹೋಗಿ ಕೂರುತ್ತೇನೆ. ತೀರ ತಡೆಯದಿದ್ದರೆ ಫೋರ್‌ಮನ್ನಿಗೆ ಫೋನು ಮಾಡುತ್ತೇನೆ. ಅವನ ಹಿಂದೆ ಮಷೀನು ಓಡುವ ಸದ್ದು ಕೇಳುತ್ತದೆ. "ಈಗ ಬೇಡ ಅಜ್ಜಿ, ಒಂದ್ ಗಂಟೆ ಬಿಟ್ಟು ಕುಡೀರಿ" ಅನ್ನುತ್ತಾನೆ. ಒಂದು ಗಂಟೆ ಬಿಟ್ಟು ಮಾಡಿದರೆ ಮತ್ತೆ ಅದನ್ನೇ ಅನ್ನುತ್ತಾನೆ. ಹೀಗೆ ಐವತ್ತು ದಿನ ದಾಟಿತು.

ಒಂದು ಸಂಜೆ ಮಗಳು ಅನ್ನಕ್ಕೆ ನೀರಿಡುತ್ತಾ ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಟ್ಯೂಷನ್ ಆಂಟಿ ಊರಿಗ್ ಹೋಗ್ತಿದಾರೆ. ಮಗಳ ಬಾಣಂತನಕ್ಕೆ."

ನಾನು ಅಕ್ಕಿ ತೊಳೆದು ಅವಳ ಪಕ್ಕಕ್ಕಿಟ್ಟೆ.

"ನಂಬ್ಕೆ ಬಂದು ಹೇಳ್ತಿಲ್ಲಮ್ಮ. ನಂಗೆ ಬೇರೆ ಯಾರೂ ಇಲ್ಲ, ಅದಕ್ಕೆ ಹೇಳ್ತಿದೀನಿ. ನಾಳೆ ವ್ಯಾನ್ ಹತ್ರ ನೀನೇ ಹೋಗು."

ಮರುದಿನ ಎರಡೂವರೆಗೇ ಹೋಗಿ ಬೀದಿಯ ತುದಿಯಲ್ಲಿ ನಿಂತೆ. ಪ್ಯಾಕೆಟ್ಟು ಸಿಗುವ ಅಂಗಡಿ ಅಲ್ಲಿಂದ ಕಾಣುತ್ತದೆ, ಅದರ ಕಡೆ ಬೆನ್ನು ಹಾಕಿದೆ. ಬೆನ್ನು ಹಾಕಿದರೂ ಅದು ಎಷ್ಟು ಹೆಜ್ಜೆ ಎಂದು ನನಗೆ ಗೊತ್ತು. ವ್ಯಾನು ಬಂತು. ಬೇರೆ ಮಕ್ಕಳ ತಾಯಂದಿರು ನನ್ನನ್ನು ನೋಡಿ ಪಕ್ಕಕ್ಕೆ ಸರಿದರು. ಮೊಮ್ಮಗಳು ಕೆಳಗಿನ ಮೆಟ್ಟಿಲ ಮೇಲೆ ನಿಂತಳು, ಇಳಿಯಲಿಲ್ಲ.

"ಊದು ಅಜ್ಜಿ" ಎಂದಳು.

ಡ್ರೈವರ್ ನಕ್ಕ. ನಾನು ಬಗ್ಗಿ ಅವಳ ಮುಖದ ಮುಂದೆ ಊದಿದೆ. ಹಾಲು ಕೆಟ್ಟಿದೆಯೋ ಇಲ್ಲವೋ ನೋಡುವವರ ಹಾಗೆ ಅವಳು ನಿಧಾನವಾಗಿ ಮೂಸಿದಳು. ಇನ್ನೊಮ್ಮೆ ಊದಿಸಿದಳು. ಆಮೇಲೆ ಇಳಿದು ಚೀಲ ನನ್ನ ಕೈಗೆ ಕೊಟ್ಟಳು. ಕೈ ಕೊಡಲಿಲ್ಲ, ನಾನೂ ಕೇಳಲಿಲ್ಲ. ಅವಳು ಮುಂದೆ ನಡೆದಳು, ನಾನು ಚೀಲ ಹಿಡಿದು ಹಿಂದೆ.

ಮನೆಗೆ ಬಂದು ನಾನು ಬಾಗಿಲು ಹಾಕಲು ಹೋದಾಗ, "ಚಿಲಕ ಹಾಕ್ಬೇಡ" ಎಂದಳು. ತೆರೆದೇ ಬಿಟ್ಟೆ. ಅವಳು ಹಾಲು ಕುಡಿದು ನೆಲದ ಮೇಲೆ ಪುಸ್ತಕ ಹರಡಿಕೊಂಡು ಬರೆಯಲು ಕೂತಳು. ನಾನು ಕೈಗಳನ್ನು ತೊಡೆಯ ಕೆಳಗೆ ಅವುಚಿಕೊಂಡೆ. ಮಲಗಿದರೆ ಹೆದರುತ್ತಾಳೆ ಎಂದು ಗೋಡೆಗೆ ಒರಗಿ ಕೂತೆ. ಗಡಿಯಾರದಲ್ಲಿ ಇನ್ನೂ ನಾಲ್ಕಾಗಿರಲಿಲ್ಲ. ಮಗಳು ಬರುವುದು ಆರೂವರೆಗೆ. ಅಲ್ಲಿಯವರೆಗೆ ಹೇಗೆ ಕೂರುವುದು ಎಂದು ನನಗೆ ತಿಳಿಯಲಿಲ್ಲ.

ಬರೆಯುತ್ತಾ ಬರೆಯುತ್ತಾ ಅವಳು ತಲೆಯೆತ್ತಿ ನನ್ನ ಹೊಟ್ಟೆಯ ಕಡೆ ನೋಡಿದಳು. ಬರೆದಳು, ಮತ್ತೆ ನೋಡಿದಳು. ಅವಳಿಗೆ ಕಾಣಲಿ ಎಂದು ನಾನು ಸೆರಗು ಸರಿಸಿ ಜೋರಾಗಿ ಉಸಿರಾಡಿದೆ.